ಯಾರ ನೀರು

ರೆಡ್ ನದಿ ಬಡಗಕ್ಕೆ ಹರಿಯುತ್ತದೆ.
ತೆಂಕಲಲ್ಲಿ ಹಿಮ ಕರಗಿದರೂ
ಬಾಯಲ್ಲಿನ್ನೂ ಮಂಜುಗಡ್ಡೆ.
ವಿನ್ನಿಪೆಗ್ ಉಳಿಯಲೆಂದು
ಏಪ್ರಿಲ್ ಹದಿನೇಳರ ರಾತ್ರಿ ಸರ್ಕಾರ ಗೇಟು ಎತ್ತಿತು.
ನಮ್ಮ ಬಿತ್ತನೆ ಗೋಧಿ, ಟ್ರ್ಯಾಕ್ಟರಿನ ಸೀಟು,
ಕೊಟ್ಟಿಗೆ ಅಟ್ಟದ ಮೂರನೇ ಮೆಟ್ಟಿಲು, ಎಲ್ಲ ನೀರು.

ಜೂನಿನಲ್ಲಿ ಬಂದ, ಹೊಸ ರಬ್ಬರ್ ಬೂಟಿನ ಹುಡುಗ.
ಫಾರಂ ಬಿಡಿಸಿ ಕೇಳಿದ:
"ಇದರಲ್ಲಿ ಸಹಜ ಎಷ್ಟಡಿ, ಗೇಟಿನದೆಷ್ಟಡಿ?
ಸಹಜಕ್ಕೆ ಪರಿಹಾರವಿಲ್ಲ."

ಅಗಾನೆತಾ ಅತ್ತೆ ಮಾತಾಡಲಿಲ್ಲ.
ಕಣಜದ ಗೋಡೆಗೆ ಕರೆದೊಯ್ದರು.
ಎದೆಮಟ್ಟಕ್ಕೆ ಕೆಸರಿನ ಗೆರೆ.
ಒಂದೇ.

"ತಗೋ ಸೀಮೆಸುಣ್ಣ.
ದೇವರದು ಎಲ್ಲಿಗೆ ಮುಗೀತು,
ನೀನೇ ಗೀಟು ಹಾಕು ಮಗಾ."

ಬಹಳ ಹೊತ್ತು ನಿಂತ.
ಹೊರಟಾಗ ಎಡಗಾಲ ಬೂಟು
ಅಂಗಳದ ಕೆಸರಲ್ಲಿ ಹೂತುಹೋಯಿತು.
ಅತ್ತೆ, ನಾನು
ಹಿಡಿದೆಳೆದು ಕೊಟ್ಟೆವು.
ಸೀಮೆಸುಣ್ಣ ಅವನ ಕಿಸೆಯಲ್ಲೇ ಹೋಯಿತು.