ಬಾಲಕ್ಕೆ ಎಷ್ಟು ಬಟ್ಟೆ ಬೇಕು

ಕೌಲ್ ಬಜಾರಿನ ಈ ಸಂದಿಯಾಗೆ
ನಂದು ಜಿಪ್ಪು ಹಚ್ಚೋ ಕೆಲಸ.
ಪ್ಯಾಂಟಿಗೆ ಇಷ್ಟು ಅಂತ ಲೆಕ್ಕ.
ಕಟಿಂಗ್ ಮಾಸ್ಟರು ಉಳಿಸಿದ ಚಿಂದಿಗೆ ಲೆಕ್ಕ ಇಲ್ಲ,
ಅದೆಲ್ಲಾ ನನ್ನ ಮಗಳು ಸುಂಕಮ್ಮನ ಆಸ್ತಿ.

ಶಾಖಾ ಗ್ರಂಥಾಲಯದಿಂದ ಒಂದು ಪುಸ್ತಕ ತಂದಳು,
ರಟ್ಟು ಕಿತ್ತಿದ್ದು, ಮೂಲೆ ಇಲಿ ಕಡಿದಿದ್ದು.
ಮಷೀನಿನ ಸದ್ದಿನ ಮೇಲೆ ಕೂಗಿ ಕೂಗಿ ಓದಿದಳು:
"ಡೈ-ನೋ-ಸಾರ್.
ಅವ್ವಾ, ಇದರ ಹಲ್ಲು ನಿನ್ನ ಕತ್ತರಿಯಷ್ಟು ಉದ್ದ!
ಇದು ಸೊಪ್ಪು ತಿನ್ನೋ ಜಾತಿ, ಇದರ ಕುತ್ತಿಗೆ
ನಮ್ಮ ಬಾಗಿಲಿನಿಂದ ನಲ್ಲಿ ತನಕ."
ನಾನು ಕೈಯಾಗಿನ ಜಿಪ್ಪು ನೋಡಿದೆ.
ಇಷ್ಟು ವರ್ಷ ಹಚ್ಚಿದೀನಿ,
ಅವೂ ಹಲ್ಲು ಅಂತ ಹೊಳೆದೇ ಇರಲಿಲ್ಲ.

ನಾನು ಓದಿದ್ದು ಮೂರನೇತ್ತ.
ಅಕ್ಷರದ ಗುರುತು ಸಿಗ್ತೈತೆ, ಮಾತಾಡಿಸೋಕೆ ಬಾಯಿ ಬರಲ್ಲ,
ಹಳೇ ಬಾಡಿಗೆ ಮನೆಯ ಪಕ್ಕದವರ ಹಾಗೆ.

ಇಪ್ಪತ್ತೆರಡನೇ ಪುಟಕ್ಕೆ ಪುಸ್ತಕ ಮುಗೀತು.
ಮುಂದಿನ ಹಾಳೆ ಯಾರೋ ಹರಿದಿದ್ದರು,
ಒಗ್ಗರಣೆ ಮಿರ್ಚಿ ಕಟ್ಟಲಿಕ್ಕೋ, ದೋಣಿ ಮಾಡಲಿಕ್ಕೋ.
"ಆಮೇಲೆ ಅವು ಏನಾದವು?"
ಗಾದಿಲಿಂಗ ಕೇಳಿದ, ಹೊನ್ನೂರಬೀ ಕೇಳಿದಳು,
ನೀರಿನ ಕ್ಯಾನ್ ಹಾಕೋ ಹುಡುಗ ಸೈಕಲ್ ನಿಲ್ಲಿಸಿ ಕೇಳಿದ.
ಸುಂಕಮ್ಮ ಉಗುರು ಕಡಿದಳು.
"ಆಮೇಲೆ ಬಳ್ಳಾರಿಗೆ ಬಂದವು" ಅಂದಳು.

ಬರದೆ ಎಲ್ಲಿಗೆ ಹೋಗ್ತಾವೆ?
ಬಿಸಿಲು ಕಾಯಿಸೋಕೆ ಇಂಥ ಊರು ಬೇರೆ ಎಲ್ಲೈತೆ?
ಅವತ್ತಿನಿಂದ ಕೋಟೆ ಗುಡ್ಡ ಗುಡ್ಡ ಅಲ್ಲ,
ಉಂಡು ಮಲಗಿದ ಒಂದು ದೊಡ್ಡ ಬೆನ್ನು.
ಗೋಡೆ ತೆನೆಗಳು ಅದರ ಮುಳ್ಳು.
ಸಂಜೆ ಬಂಡೆ ಕಾವು ಬಿಡುವಾಗ
ಅಂಗೈ ಒತ್ತಿ ಹೊನ್ನೂರಬೀ
"ಉಸಿರು ಬಿಡ್ತು, ನೋಡು" ಅಂತಾಳೆ.
ಲೈಬ್ರರಿಯ ಖಾದರ್‌ಬಾಷಾ ಸಾರು ನಕ್ಕು,
"ಆ ಬಂಡೆಗೆ ಇವೆಲ್ಲಾ ನಿನ್ನೆ ಮೊನ್ನೆಯ ಕೂಸು,
ಇವು ಹುಟ್ಟೋ ಹೊತ್ತಿಗೇ ಅದು ಮುದುಕ" ಅಂದರು.
ಮಕ್ಕಳಿಗೆ ಇದು ಇನ್ನೂ ಚೆಂದ ಆಯ್ತು:
ಮುತ್ತಜ್ಜನ ಮೇಲೆ ಮರಿ ಮಲಗಿದರೆ ತಪ್ಪೇನು?

ಮಲಗಿದ್ದನ್ನ ಕಾಯೋಕೆ ಜನ ಬೇಕಲ್ಲ. ಚಿಂದಿ ಗಂಟು ಬಿಚ್ಚಿತು.
ಗಾದಿಲಿಂಗನ ಬೆನ್ನಿಗೆ ಕಾಲು ಬಟ್ಟೆಯ ಹೊದಿಕೆ,
ಹೊನ್ನೂರಬೀಗೆ ಜೇಬಿನ ಮುಖವಾಡ,
ಎದೆ ಮೇಲೆ ಸೋಡಾ ಮುಚ್ಚಳ, ಹಿತ್ತಾಳೆ ಗುಂಡಿ.
ಒಬ್ಬೊಬ್ಬರಿಗೆ ಒಂದೊಂದು ಶಕ್ತಿ.
ಗಾದಿಲಿಂಗ ಊದಿದರೆ ಹೋದ ಕರೆಂಟು ಬರ್ತೈತೆ
(ಹತ್ತು ಸಲ ಊದ್ತಾನೆ, ಹನ್ನೊಂದನೇದಕ್ಕೆ ಬರ್ತೈತೆ).
ಹೊನ್ನೂರಬೀಗೆ ಕನ್ನಡ, ತೆಲುಗು, ಉರ್ದು
ಮೂರರ ಬೈಗುಳವೂ ತಿಳೀತಾವೆ.
ಅದು ಈ ಊರಾಗೆ ಎಲ್ಲರಿಗೂ ಇರೋ ಶಕ್ತಿ
ಅಂತ ಉಳಿದವರ ತಕರಾರು.
"ನಿಂದೇನೇ?" ಅಂದೆ ಮಗಳಿಗೆ.
"ನಾನು ಹರಿದ ಹಾಳೆ ಓದ್ತೀನಿ."

ಹೋದ ವಾರ ಲೈಬ್ರರಿಗೆ ಹೊಸ ಪ್ರತಿ ಬಂತು,
ಹಾಳೆ ಎಲ್ಲಾ ಇದ್ದದ್ದು.
ಅವತ್ತು ಅವಳು ಕೂಗಿ ಓದಲಿಲ್ಲ.
ಚಿಂದಿ ಮೂಟೆ ಮೇಲೆ ಕೂತು, ಬೆರಳಿಟ್ಟು,
ಇಪ್ಪತ್ಮೂರನೇ ಪುಟ ತುಟಿಯೊಳಗೇ ಓದಿದಳು.
ಮಷೀನು ನಿಲ್ಲಿಸಿ ನಾನೂ ಬಗ್ಗಿದೆ.
ಆ-ಕಾ-ಶ-ದಿಂ-ದ... ಬಿ-ದ್ದ...
ಅಷ್ಟು ಕೂಡಿಸೋದರಾಗೆ ಪುಸ್ತಕ ಮುಚ್ಚಿದಳು.

ರಾತ್ರಿ ಊಟಕ್ಕೆ ಕರೆದರೆ ಬರಲಿಲ್ಲ.
ನನ್ನ ಟೇಪು ಹಿಡಿದು ಸಂದಿ ಅಳೀತಿದ್ದಳು,
ಬಾಗಿಲಿನಿಂದ ನಲ್ಲಿಗೆ, ನಲ್ಲಿಯಿಂದ
ಆಚೆ ಮನೆಯ ಮೆಟ್ಟಿಲಿಗೆ.
"ಅವ್ವಾ, ಜೀನ್ಸ್ ಬಟ್ಟೆ ಬೆಂಕಿ ತಡೀತೈತಾ?"
ಸ್ವಲ್ಪ ಹೊತ್ತು ತಡೀತೈತೆ ಅಂದೆ.
"ಸ್ವಲ್ಪ ಹೊತ್ತು ಸಾಕು.
ಕುತ್ತಿಗೆಗೆ ಆಯ್ತು, ಹೊಟ್ಟೆಗೆ ಆಯ್ತು.
ಬಾಲಕ್ಕೆ ಎಷ್ಟು ಬಟ್ಟೆ ಬೇಕು?"

ಬೆಳಗಾದರೆ ನೂರಿಪ್ಪತ್ತು ಪ್ಯಾಂಟು ಕೊಡಬೇಕು.
ದಪ್ಪ ದಾರದ ಉಂಡೆ ಹುಡುಕಿ ಮಷೀನಿಗೆ ಏರಿಸಿದೆ.
"ನೆಟ್ಟಗೆ ನಿಲ್ಲೋಕೆ ಹೇಳು ಅದಕ್ಕೆ" ಅಂದೆ,
"ಅಲ್ಲಾಡಿದರೆ ಅಳತೆ ತಪ್ತೈತೆ."