ಹದಿನಾಲ್ಕು ಚೌಕ

ಟಾಕೀಸಿನವರು ಕೇಳಿದರೆ ಈಗ ಒಪ್ಪಿಕೊಳ್ಳುತ್ತೇನೆ.
ಟಾಕೀಸೇ ಇಲ್ಲ, ಅಲ್ಲೀಗ ಕಬ್ಬಿಣದಂಗಡಿ.

ಅರವತ್ತನಾಲ್ಕನೇ ಇಸವಿ. ದಾವಣಗೆರೆಗೆ
ವಾರ್ತಾಚಿತ್ರದವರು ಜೀಪಿನಲ್ಲಿ ಬಂದರು,
ಹತ್ತಿ ಮಿಲ್ಲಿನ ಹೊಸ ಯಂತ್ರ ತೆಗೆಯಲು.
ಗೇಟಿನೆದುರು ಮೂರು ಕಾಲೂರಿ ನಿಂತಿತು ಕ್ಯಾಮೆರಾ.
ಪಾಳಿ ಬಿಡುವ ಹೊತ್ತು, ಸೀಟಿ ಆಯಿತು.
ದಿನಾ ನುಗ್ಗಿ ಬರುವ ಜನ ಅವತ್ತು
ಬೀಗರ ಮನೆಗೆ ಬಂದವರ ಹಾಗೆ ನಿಧಾನ ನಡೆದರು.
ಗೋಣೆಪ್ಪ ತಲೆಗಂಟಿದ ಅರಳೆ ಕೊಡವಿಕೊಂಡ;
ಇರಲಿ ಬಿಡು ಎಂದ ಕ್ಯಾಮೆರಾದವನು, ಕೈಸನ್ನೆಯಲ್ಲಿ.

ಆಮೇಲೆ ಕಾದೆವು.
ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು.
ಪ್ರತಿ ಶುಕ್ರವಾರ ಮಿಲ್ಲಿನವರು
ನೆಲದ ಟಿಕೇಟು ಕೊಂಡು ಕೂತು
ವಾರ್ತೆ ಮುಗಿದದ್ದೇ ಎದ್ದು ಹೋಗುತ್ತಿದ್ದರು.
ಕಥಾನಾಯಕ ಖಾಲಿ ನೆಲಕ್ಕೆ ಹಾಡುತ್ತಿದ್ದ.

ನಾನು ಮೇಲೆ, ದಾದಾಪೀರ್ ಸಾಹೇಬರ ಕೈಕೆಳಗೆ,
ಕಾರ್ಬನ್ ಕಡ್ಡಿ ಸರಿಸುವ ಹುಡುಗ.

ಯುಗಾದಿ ಕಳೆದ ಮೇಲೆ ಬಂತು.
ಮೊದಲು ಯಾವುದೋ ನದಿಯ ಪ್ರವಾಹ, ಅಸ್ಸಾಮಿನಲ್ಲಿ.
ಆಮೇಲೆ ನಾವು.
ಒಂಬತ್ತು ಸೆಕೆಂಡು.
ದಪ್ಪ ದನಿಯೊಂದು ಪ್ರಗತಿ ಗಿಗತಿ ಏನೋ ಹೇಳುತ್ತಿತ್ತು,
ಕೇಳಿದ್ದು ಯಾರಿಗೆ? "ಲೇ ಗೋಣ್ಯಾ!
ಅಗಾ, ಕರಿಬಸವ್ವನ ಛತ್ರಿ! ತಿರುಗ್ಸಿ ಹಾಕ್ರಿ!"
ತಗಡಿನ ಗೋಡೆ ಬಡಿದರು.
ಸಾಹೇಬರು ತಿರುಗಿಸಿ ಹಾಕಿದರು.
ಒಂದೇ ರಾತ್ರಿ ಅಸ್ಸಾಮು ಮೂರು ಸಲ ಮುಳುಗಿತು.

ಕಟ್ಟಕಡೆಗೆ ನಡೆದು ಬರುವವಳು ನಮ್ಮವ್ವ.
ಕಂಕುಳಲ್ಲಿ ಬುತ್ತಿ ಡಬ್ಬಿ. ನಮ್ಮ ಕಡೆ ತಿರುಗಿ
ಬಾಯಿ ತೆರೆಯುತ್ತಾಳೆ, ಅಷ್ಟರಲ್ಲಿ
ಎಲ್ಲಿಯದೋ ಜಾನುವಾರು ಪ್ರದರ್ಶನ.

ಪೆಟ್ಟಿಗೆ ಹರಿಹರಕ್ಕೆ ಹೋಗುವ ಹಿಂದಿನ ರಾತ್ರಿ
ಬ್ಲೇಡು ಹಿಡಿದು ಹದಿನಾಲ್ಕು ಚೌಕ ಕತ್ತರಿಸಿದೆ.
ತುದಿಗೆ ತುದಿ ಅಂಟಿಸಿದೆ. ಸಾಹೇಬರು ಕಂಡು
ಬೀಡಿ ಸೇದಿ ಬರ್ತೀನಿ ಅಂತ ಹೊರಗೆ ಹೋದರು.
ಅವರಿಗೆ ಬೀಡಿ ಚಟವೇ ಇರಲಿಲ್ಲ.

ಹರಿಹರ, ರಾಣೆಬೆನ್ನೂರು, ಅಲ್ಲಿಂದಾಚೆಗೆಲ್ಲ
ದಾವಣಗೆರೆ ಒಂದು ಹೆಜ್ಜೆ ಎಡವಿಯೇ ನಡೆದಿರಬೇಕು,
ಅರ್ಧ ಸೆಕೆಂಡು, ತುಸು ಹೆಚ್ಚು.

ಏನಂದೆ ಬೇ ಅವತ್ತು, ಎಂದು ಕೇಳಿದ್ದೆ.
"ಯಾರಿಗೆ ನೆಪ್ಪೈತಿ? ಜರುಗ್ರೀ ಅಂದಿರ್ಬೇಕು.
ಹಾದಿಗಡ್ಡ ನಿಂತಿದ್ದ, ಪುಣ್ಯಾತ್ಮ."

ಈಗ ಫಿಲ್ಮು ಹುಳಿ ನಾರುತ್ತದೆ, ಸುರುಳಿ ಬಿಚ್ಚಿದರೆ
ಮತ್ತೆ ಸುತ್ತಿಕೊಳ್ಳುತ್ತದೆ. ಬಲ್ಬಿಗೆ ಹಿಡಿಯುತ್ತೇನೆ.
ಎಂಟನೇ ಚೌಕದಲ್ಲಿ ಅವ್ವನ ತುಟಿಗೆ ತುಟಿ ಕೂಡಿದೆ.

ಜರುಗ್ರೀ ಅನ್ನುವಾಗ ತುಟಿ ಕೂಡುವುದಿಲ್ಲ.
ಕನ್ನಡಿಯೆದುರು ನಿಂತು ಎಷ್ಟೋ ಸಲ
ಅಂದು ನೋಡಿದ್ದೇನೆ.