ಮುಳ್ಳು ನಡುವೆ

ಸಿದ್ದಾಪುರದಲ್ಲಿ, ಕುಂಞಬ್ದುಲ್ಲರ ಮೆಣಸಿನ ಮಂಡಿ.
ವಿರಾಜಪೇಟೆ ಬಸ್ಸಿಗಿನ್ನೂ ಅರ್ಧ ಗಂಟೆ.
ತೂಕದ ಚೀಟಿಯ ಬೆನ್ನಿಗೆ
ಒಂದು ಮಾತೃಕೆ ಬರೆದುಕೊಂಡೆ, ಮೂರು ಸಾಲಿನದು.

ನಿಯಮ ಇಷ್ಟೇ: ಕರ್ಣದ ಮೇಲೆ ಕೂತ ಅಂಕಿ
ತನ್ನ ಸಾಲಿನ ಉಳಿದವರನ್ನೆಲ್ಲ
ಒಟ್ಟಿಗೆ ತೂಗಿದರೂ ಮೀರಬೇಕು.
ಮೊದಲ ಸಾಲಿನ ನಾಲ್ಕು
ಮೂರು ಮತ್ತು ಎರಡರ ಕೈಯಲ್ಲಿ ಸೋತಿತು.

ಸೋತದ್ದನ್ನು ಅಲ್ಲಿಗೇ ಹರಿದೆಸೆಯುವಂತಿಲ್ಲ.
ಗೆದ್ದವರ ಕಂಬಸಾಲುಗಳನ್ನು
ಗೆದ್ದಷ್ಟೇ ಕುಗ್ಗಿಸು,
ಮತ್ತೆ ತೂಗು.
ಒಂದೇ ಸುತ್ತು; ನಾಲ್ಕು ತಲೆಯೆತ್ತಿತು.
ಅದರ ಬಲ ಅಲ್ಲೇ ಇತ್ತು, ಪಕ್ಕದವರ ಅಳತೆಯಲ್ಲಿ ಮುಚ್ಚಿತ್ತು.

ಆಮೇಲೆ ಈ ಪುಟ್ಟದು:
ಎರಡು, ಒಂದು. ಕೆಳಗೆ ನಾಲ್ಕು, ಎರಡು.
ಕುಗ್ಗಿಸಿದೆ. ಮೇಲೆ ಒಂದಕ್ಕೆ ಒಂದು,
ಕೆಳಗೆ ಎರಡಕ್ಕೆ ಎರಡು.
ಗೆದ್ದವರಿಲ್ಲ, ಇನ್ನು ಯಾರನ್ನು ಕುಗ್ಗಿಸಲಿ?
ಹತ್ತು ಸುತ್ತು ಹಾಕಿದರೂ ಅದೇ ಚೀಟಿ, ಅದೇ ಅಂಕಿ.

ಚೋಮಿ ತಂದ ಮೂರು ಕಿಲೋ ಮೆಣಸು
ಆಗಲೇ ತಕ್ಕಡಿಯಲ್ಲಿತ್ತು. ಮುಳ್ಳು ನಟ್ಟನಡುವೆ.
ಕುಂಞಬ್ದುಲ್ಲ ನನ್ನ ಚೀಟಿಗೆ ಇಣುಕಿ ನಕ್ಕರು:
“ಸಮ ನಿಂತರೆ ತಕರಾರು, ಟೀಚರೇ.
ಒಂದು ಹಿಡಿ ಹೆಚ್ಚಿಗೆ ಹಾಕಿದರೆ ಮುಗಿಯಿತು.”
ಹಿಡಿ ಹಾಕಿದರು,
ಚೋಮಿಯ ಚೀಲದಿಂದ.

ನನ್ನ ಎರಡಕ್ಕೂ ಕೂದಲೆಳೆಯಷ್ಟು ಸೇರಿಸಿದ್ದರೆ
ಒಳ್ಳೆಯ ವರ್ಗಕ್ಕೆ ಸೇರಿಬಿಡುತ್ತಿತ್ತು,
ನಾನೂ ಬಸ್ಸಿಗೆ ಎದ್ದುಹೋಗಬಹುದಿತ್ತು.
ಸೀನು ಬಂತು. ಪೆನ್ನು ಮುಚ್ಚಿದೆ.
ಚೋಮಿ ಮಾತ್ರ ಮುಳ್ಳನ್ನೇ ನೋಡುತ್ತಿದ್ದಳು,
ಅದು ಈಗ ಎತ್ತ ವಾಲಿದೆಯೆಂದು.